ಮೊಲದ ಬುಟ್ಟಿಯ ಹೆಂಗಸು

ಗಂಡನ ಮನೆ ಬಿಟ್ಟು ಹೊರಡುವ ದಿನ ಯಾರ ಕಣ್ಣಿಗೂ ಬೀಳಬಾರದೆಂದು ಚಾಮುಂಡಿ ಎಲ್ಲವನ್ನೂ ಯೋಚಿಸಿಟ್ಟುಕೊಂಡಿದ್ದಳು. ಬಟ್ಟೆಯ ಚೀಲ ದೊಡ್ಡದಿರಬಾರದು. ಒಳ್ಳೆಯ ಸೀರೆ ಉಡಬಾರದು. ಯಾರಾದರೂ ಕೇಳಿದರೆ ಮಗಳಿಗೆ ಹಲ್ಲುನೋವು, ಆಸ್ಪತ್ರೆಗೆ ಹೊರಟಿದ್ದೇವೆ ಎನ್ನಬೇಕು. ಫೋನನ್ನು ಮನೆಯಲ್ಲೇ ಬಿಟ್ಟುಬಿಡಬೇಕು. ಮೊಲಗಳ ವಿಷಯ ಮಾತ್ರ ಅವಳ ಯೋಚನೆಯೊಳಗೆ ಬಂದಿರಲೇ ಇಲ್ಲ.

ಊಟಿಯ ಹೊರಗೆ, ಕ್ಯಾರೆಟ್ ತೊಳೆಯುವ ಶೆಡ್ಡಿನ ಹಿಂದೆ ಕೂಲಿಯವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಅವರದು ಕೊನೆಯ ಮನೆ. ಗಂಡ ಗಣೇಶ ಕ್ಯಾರೆಟ್ ಲಾರಿ ಓಡಿಸುತ್ತಿದ್ದ. ಮೇಟುಪಾಳ್ಯದಿಂದ ಮೈಸೂರಿನವರೆಗೆ ದಾರಿಯುದ್ದಕ್ಕೂ ಟೀ ಅಂಗಡಿಯವರು, ಪಂಕ್ಚರ್ ಅಂಗಡಿಯವರು ಅವನನ್ನು ಕಂಡರೆ ಕರೆದು ಕೂರಿಸುತ್ತಿದ್ದರು. ನಗುನಗುತ್ತ ಮಾತಾಡುವವನು, ಜೊತೆಯವರ ಟೀ ದುಡ್ಡನ್ನೂ ತಾನೇ ಕೊಡುವವನು. ಬಾಗಿಲು ಹಾಕಿದ ಮೇಲಿನ ಗಣೇಶನನ್ನು ಬಲ್ಲವರು ಇಬ್ಬರೇ: ಚಾಮುಂಡಿ, ಮತ್ತು ಐದನೇ ಕ್ಲಾಸಿನಲ್ಲಿದ್ದ ಮಗಳು ಪ್ರಿಯಾಂಕ.

ಹಿಂದೆ ಎರಡು ಸಲ ಚಾಮುಂಡಿ ತವರೂರು ಉಡಿಗಾಲಕ್ಕೆ ಓಡಿಹೋಗಿದ್ದಳು. ಎರಡು ಸಲವೂ ಅವಳ ಅಪ್ಪ ನಾಗಯ್ಯ ತಾನೇ ಜೊತೆಗೆ ಬಂದು ಬಿಟ್ಟುಹೋಗಿದ್ದ. "ಗಂಡ ಅಂದ್ಮೇಲೆ ಒಂದೇಟು ಒಡೀತಾನೆ. ಅದ್ಕೆಲ್ಲ ಮನೆ ಬುಟ್ಟು ಬಂದ್ಬುಡದಾ?" ಎಂದು ದಾರಿಯುದ್ದಕ್ಕೂ ಹೇಳಿದ್ದ. ಎರಡನೆಯ ಸಲ ಅಪ್ಪನ ಬಸ್ಸು ಹೊರಟ ಮೇಲೆ ಗಣೇಶ ಏನು ಮಾಡಿದನೆಂಬುದಕ್ಕೆ ಸಾಕ್ಷಿಯಾಗಿ ಅವಳ ಎಡಗೈಯ ಎರಡು ಬೆರಳು ಇವತ್ತಿಗೂ ಸರಿಯಾಗಿ ಮಡಚುವುದಿಲ್ಲ. ಅದಕ್ಕೇ ಈ ಸಲ ಉಡಿಗಾಲವಲ್ಲ, ಪುಣಜನೂರು. ಅಲ್ಲಿ ಅವಳ ಚಿಕ್ಕವ್ವ ಸುಂದ್ರಮ್ಮ ಇದ್ದಳು. ಗಣೇಶ ಆ ಮನೆ ನೋಡಿರಲಿಲ್ಲ, ಆ ಹೆಸರನ್ನೂ ಕೇಳಿರಲಿಲ್ಲ.

ಹಿಂದಿನ ದಿನ ಮಧ್ಯಾಹ್ನ ಗಣೇಶ ಲೋಡು ಹೊತ್ತು ಹೊರಟ. ಮೇಟುಪಾಳ್ಯ ಎಂದೇ ಹೇಳಿದ್ದ, ಇವರ ದಾರಿಗೆ ವಿರುದ್ಧ ದಿಕ್ಕು. ಬೆಳಿಗ್ಗೆ ಮಗಳನ್ನು ಎಬ್ಬಿಸಿ ಚಾಮುಂಡಿ ಪಿಸುಮಾತಿನಲ್ಲಿ ವಿಷಯ ತಿಳಿಸಿದಳು. ಪ್ರಿಯಾಂಕ ಅಳಲಿಲ್ಲ, ಏಕೆ ಎಂದೂ ಕೇಳಲಿಲ್ಲ. ಎದ್ದು ಮುಖ ತೊಳೆದುಕೊಂಡು ಬಂದು, ಮೊಲದ ಗೂಡಿನ ಕಡೆ ನೋಡಿ, "ಬೂದ, ಮಲ್ಲಿ?" ಎಂದಳು.

"ಅವ್ ಬ್ಯಾಡ ಕಣಮ್ಮಿ. ಬಸ್ಸಲ್ಲಿ ಎಂಗ್ ತಕ್ಕೊಂಡೋಗದು? ಪಕ್ಕದ್ಮನೆಯವ್ರು ಸೊಪ್ಪು ಆಕ್ತಾರೆ."

"ಅಪ್ಪ ಬಂದ್ರೆ?"

ಚಾಮುಂಡಿ ಬಟ್ಟೆಯ ಚೀಲದ ಬಾಯಿ ಕಟ್ಟಿದಳು. ಮೊದಲು ಮೂರು ಮೊಲಗಳಿದ್ದವು. ಶೆಡ್ಡಿನ ಮೇಸ್ತ್ರಿ ಕೊಟ್ಟ ಮರಿಗಳು, ಕ್ಯಾರೆಟ್ ಸೊಪ್ಪು ತಿಂದು ಬೆಳೆದವು. ಯುಗಾದಿಯ ಮುಂಚೆ ಒಂದು ಸಂಜೆ ಊಟ ತಡವಾಯಿತೆಂದು ಗಣೇಶ ಮೂರನೆಯದನ್ನು ಗೂಡಿನಿಂದ ಎಳೆದು, ಮಗಳ ಎದುರಿಗೇ ಕತ್ತು ತಿರುವಿ, ಸಾರು ಮಾಡೆಂದು ಒಲೆಯ ಮುಂದೆ ಎಸೆದಿದ್ದ. ಚಾಮುಂಡಿ ಮಾಡಿ ಬಡಿಸಿದ್ದಳು. ಮಗಳ ತಟ್ಟೆಗೂ ಬಡಿಸಿ ತಿನ್ನು ಎಂದು ಅವನು ಪಕ್ಕದಲ್ಲೇ ಕೂತಿದ್ದ.

"ಮೊಲ ಬುಟ್ಟು ನಾ ಬರಾಕಿಲ್ಲ," ಎಂದಳು ಪ್ರಿಯಾಂಕ. ಹಟದ ದನಿಯಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ.

ಹೊತ್ತು ಮೀರುತ್ತಿತ್ತು. ಚಾಮುಂಡಿ ಬಿದಿರಿನ ಬುಟ್ಟಿಯೊಂದಕ್ಕೆ ಗೋಣಿ ಹಾಸಿ, ಎರಡನ್ನೂ ಕೂರಿಸಿ, ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿದಳು. ಬಸ್ ಸ್ಟಾಪಿನವರೆಗೆ ಅರ್ಧ ದಾರಿಯೂ ನಡೆದಿರಲಿಲ್ಲ, ಸಾಲುಮನೆಯ ಹೆಂಗಸೊಬ್ಬಳು ಎದುರಾದಳು. ಹಲ್ಲುನೋವಿನ ಕತೆ ಹೇಳಿದ್ದಾಯಿತು. ಆ ಹೆಂಗಸು ಬುಟ್ಟಿಯ ಕಡೆ ನೋಡಿ, "ಮೊಲಕ್ಕೂ ಹಲ್ಲುನೋವಾ?" ಎಂದು ನಕ್ಕು ಹೋದಳು.

ಮೈಸೂರು ಬಸ್ಸು ತುಂಬಿತ್ತು. ಕಂಡಕ್ಟರು ಟಿಕೆಟ್ ಹರಿಯುವ ಮೊದಲು ಬಟ್ಟೆ ಎತ್ತಿ ಇಣುಕಿದ.

"ಕಾಡು ಮೊಲ ಅಲ್ಲ ತಾನೆ? ಮುಂದೆ ಫಾರೆಸ್ಟ್ ಚೆಕ್‌ಪೋಸ್ಟ್ ಐತಮ್ಮ. ಆಮೇಲೆ ಬಸ್ ನಿಲ್ಲಿಸ್ಬುಟ್ರೆ ನಂಗೆ ತಾಪತ್ರಯ."

"ಸಾಕಿದ್ದು ಸಾ. ನೋಡಿ, ಬೆಳ್ಗವೆ."

ಒಂದು ಬೆಳ್ಳಗಿತ್ತು, ಇನ್ನೊಂದು ಬೂದಿ ಬಣ್ಣದ್ದು. ಕಂಡಕ್ಟರು ಬೂದಿ ಬಣ್ಣದ್ದನ್ನು ಅನುಮಾನದಿಂದ ನೋಡಿದ. ಸುತ್ತಲಿನವರೆಲ್ಲ ಕತ್ತು ಚಾಚಿ ನೋಡಿದರು. ಹಿಂದಿನ ಸೀಟಿನ ಹುಡುಗರು ಫೋನಿನಲ್ಲಿ ಫೋಟೋ ತೆಗೆದರು. ಮುಂದೆ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಹತ್ತಿ, ಬುಟ್ಟಿಯನ್ನು ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ನೋಡಿ, ನಕ್ಕು, ವಾಪಸ್ಸು ಕೊಟ್ಟ. ಅಷ್ಟರಲ್ಲಿ ಬಸ್ಸಿನಲ್ಲಿ ಅವಳನ್ನು ಗುರುತಿಟ್ಟುಕೊಳ್ಳದವರು ಯಾರೂ ಉಳಿದಿರಲಿಲ್ಲ. ಬರಿಗೈಯಲ್ಲಿ ಬಂದಿದ್ದರೆ ಅವಳು ಮಗುವಿನ ಜೊತೆಗಿರುವ ಯಾರೋ ಒಬ್ಬ ಹೆಂಗಸು. ಈಗ ಮೊಲದ ಬುಟ್ಟಿಯ ಹೆಂಗಸು.

ಪಕ್ಕದ ಸಾಲಿನಲ್ಲಿ ಒಬ್ಬ ಯುವತಿ ಪುಟ್ಟ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಹೆಸರು ಶೃತಿ, ಮೈಸೂರಿನಲ್ಲಿ ಒಂದು ಸೊಸೈಟಿಯಲ್ಲಿ ಕೆಲಸ, ಊಟಿಯಲ್ಲಿ ಅಕ್ಕನ ಮನೆಗೆ ಬಂದು ಹೋಗುತ್ತಿದ್ದೇನೆ ಎಂದು ತಾನಾಗಿಯೇ ಹೇಳಿಕೊಂಡಳು. ಆ ಮಗು ಮೊಲದಿಂದ ಕಣ್ಣು ಕೀಳಲಿಲ್ಲ. ಪ್ರಿಯಾಂಕ ಅದನ್ನು ಹತ್ತಿರ ಕರೆದು ಕೊತ್ತಂಬರಿಯ ಕಡ್ಡಿ ಕೊಟ್ಟು ತಿನ್ನಿಸಲು ಕಲಿಸಿದಳು. "ಕಿವಿ ಇಡ್ಕಂಡು ಎತ್ಬಾರ್ದು. ಅದ್ಕೆ ನೋವಾಯ್ತದೆ. ಇಂಗೆ, ಕೆಳ್ಗಡೆ ಕೈ ಕೊಟ್ಟು." ಎಷ್ಟೋ ತಿಂಗಳಿಂದ ಮಗಳು ಬೇರೆ ಮಗುವಿನ ಜೊತೆ ಇಷ್ಟು ಮಾತಾಡಿದ್ದನ್ನು ಚಾಮುಂಡಿ ಕಂಡಿರಲಿಲ್ಲ. ಶೃತಿ ಇಬ್ಬರು ಮಕ್ಕಳಿಗೂ ಬಿಸ್ಕತ್ತು ಹಂಚಿದಳು. ಚಾಮುಂಡಿಯ ಸೊಟ್ಟ ಬೆರಳುಗಳ ಮೇಲೆ ಅವಳ ಕಣ್ಣು ಒಮ್ಮೆ ನಿಂತಿತು.

ಗೂಡಲೂರು ಇಳಿದ ಮೇಲೆ ಸೆಕೆ ಶುರುವಾಯಿತು. ಬಂಡೀಪುರದ ಕಾಡು ಎಲೆ ಉದುರಿಸಿ ನಿಂತಿತ್ತು. ಕಿಟಕಿಯಿಂದ ಬರುವ ಗಾಳಿ ಒಲೆಯ ಮುಂದಿನ ಗಾಳಿಯಂತಿತ್ತು. ಚಳಿಯಲ್ಲಿ ಹುಟ್ಟಿ ಬೆಳೆದ ಮೊಲಗಳು ಗೋಣಿಯ ಮೇಲೆ ಚಪ್ಪಟೆಯಾಗಿ ಮಲಗಿದವು. ಮಲ್ಲಿಯ ಮೂಗು ಒದ್ದೆಯಾಗಿ, ಪಕ್ಕೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಪ್ರಿಯಾಂಕ ಕುಡಿಯುವ ನೀರನ್ನೆಲ್ಲ ಟವೆಲಿಗೆ ಹಾಕಿ ಅದರ ಕಿವಿ ಒರೆಸಿದಳು. ನೀರು ಮುಗಿಯಿತು. ಶೃತಿ ತನ್ನ ಬಾಟಲಿ ಕೊಟ್ಟಳು. ಅದೂ ಮುಗಿಯಿತು.

"ಸತ್ತೋಯ್ತದಾ ಅವ್ವಾ?"

"ಇಲ್ಲ ಕಣವ್ವ. ಗುಂಡ್ಲುಪೇಟೆ ಬಂತು."

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಡ್ರೈವರು ಟೀಗೆ ನಿಲ್ಲಿಸಿದ. ಚಾಮುಂಡಿ, ಪ್ರಿಯಾಂಕ ಇಲ್ಲೇ ಇಳಿದು ಚಾಮರಾಜನಗರದ ಬಸ್ಸು ಹಿಡಿಯಬೇಕಿತ್ತು. ಬುಟ್ಟಿಯನ್ನು ನೆರಳಿಗಿಟ್ಟು, ನೀರು ಕೇಳಲು ಅವಳು ಗೇಟಿನ ಪಕ್ಕದ ಟೀ ಅಂಗಡಿಗೆ ಹೋದಳು. ಅಂಗಡಿಯವನು ಹಾಲು ಎತ್ತಿ ಸುರಿಯುತ್ತಿದ್ದವನು ಬುಟ್ಟಿಯ ಕಡೆ ನೋಡಿ, ಅವಳ ಕಡೆ ನೋಡಿ, ಮುಖ ಅರಳಿಸಿದ.

"ಅಕ್ಕ, ನೀವು ಗಣೇಶಣ್ಣನ ಮನೆಯವ್ರಲ್ವಾ?"

ಅವಳು ತಿರುಗಿ ಮಗಳ ಕಡೆ ನೋಡಿದಳು.

"ನಾನು ರಾಜಣ್ಣ ಅಂತ. ಅಣ್ಣ ಈಗ್ತಾನೆ ಫೋನ್ ಮಾಡಿದ್ರು. ಮೊಲದ ಬುಟ್ಟಿ ಇಟ್ಕಂಡು ಒಂದು ಎಂಗ್ಸು, ಒಂದು ಎಣ್ಮಗ, ಊಟಿ ಬಸ್ಸಲ್ಲಿ ಬತ್ತಾರೆ, ಸ್ವಲ್ಪ ನೋಡ್ಕ ಅಂದ್ರು. ಮೈಸೂರಿಂದ ಕಾಲಿ ಲಾರೀಲಿ ಬತ್ತಾವ್ರೆ. ಆಗ್ಲೇ ನಂಜನಗೂಡು ದಾಟವ್ರಂತೆ. ಕುತ್ಕಳಿ, ಟೀ ಕುಡೀರಿ. ಬಂದ್ಬುಡ್ತಾರೆ."

ಮೇಟುಪಾಳ್ಯಕ್ಕೆ ಹೋದವನು ಮೈಸೂರಿಗೆ ಹೋಗಿದ್ದಾನೆ. ಸಾಲುಮನೆಯ ಹೆಂಗಸು ಫೋನ್ ಮಾಡಿದ್ದಾಳೆ, ಬಹುಶಃ ನಗುತ್ತಲೇ. ಚಾಮುಂಡಿ ಅವನಿಂದ ದೂರ ಹೋಗುತ್ತಿದ್ದೇನೆಂದುಕೊಂಡು ಅವನು ಬರುವ ರಸ್ತೆಗೇ ಬಂದು ನಿಂತಿದ್ದಳು. ಚಾಮರಾಜನಗರದ ಬಸ್ಸು ಆ ತುದಿಯಲ್ಲಿ ನಿಂತಿತ್ತು, ಡ್ರೈವರ್ ಇನ್ನೂ ಹತ್ತಿರಲಿಲ್ಲ. ಅದರಲ್ಲಿ ಹೋದರೂ ಬುಟ್ಟಿಯಿದ್ದ ಮೇಲೆ ಯಾರು ಬೇಕಾದರೂ ಹೇಳುತ್ತಾರೆ, ಮೊಲದವರು ಆ ಕಡೆ ಹೋದರು ಎಂದು.

"ಇಲ್ಲ ಕಣಣ್ಣ," ಎಂದಳು. ತನ್ನ ದನಿ ಅಷ್ಟು ನೆಟ್ಟಗೆ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. "ನಾವು ಇದೇ ಬಸ್ಸಲ್ಲಿ ಮೈಸೂರ್‌ಗೆ ಓಗ್ತಾ ಇದೀವಿ. ಟಿಕೆಟ್ ತಗಂಡ್ಬುಟ್ಟಿದೀವಿ. ನಡುದಾರೀಲೆ ಸಿಗ್ತೀವಿ ಅಂತ ಏಳ್ಬುಡಿ ಅವ್ರಿಗೆ."

"ಆಯ್ತಕ್ಕ, ಈಗ್ಲೇ ಏಳ್ತೀನಿ," ಎಂದು ರಾಜಣ್ಣ ಫೋನು ಕೈಗೆತ್ತಿಕೊಂಡ.

ಮಗಳು ಬುಟ್ಟಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಲ್ಲಿಗೆ ಗಾಳಿ ಹಾಕುತ್ತಿದ್ದಳು. ಚಾಮುಂಡಿ ಖಾಲಿ ಬಾಟಲಿ ಕೊಟ್ಟು, "ಅಲ್ಲಿ ಒಳ್ಗಡೆ ನಲ್ಲಿ ಅದೆ, ನೀರ್ ಇಡ್ಕಂಡು ಬಾ ಮಗ. ತಣ್ಣಗಿರೋದು ಬರಗಂಟ ಬುಟ್ಟು ಆಮೇಲೆ ಇಡಿ," ಎಂದಳು. ಮೊಲಕ್ಕೆ ನೀರೆಂದು ಪ್ರಿಯಾಂಕ ಓಡಿದಳು.

ಚಾಮುಂಡಿ ಬುಟ್ಟಿಯನ್ನೆತ್ತಿಕೊಂಡು ಮೈಸೂರು ಬಸ್ಸು ಹತ್ತಿದಳು. ಶೃತಿ ಕಿಟಕಿಯ ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು.

"ಇದನ್ನ ನೀವೇ ಇಟ್ಕಳಿ ಅಮ್ಮ. ಪಾಪುಗೆ ಇಷ್ಟ ಆಯ್ತಲ್ಲ. ನಾವು ಓಗೋ ಮನೇಲಿ ಬೆಕ್ಕವೆ, ಇವು ಉಳಿಯಕಿಲ್ಲ."

"ಅಯ್ಯೋ, ನಿಮ್ಮ ಮಗಳು ಅಳಲ್ವಾ?"

"ಅವ್ಳೇ ಕೊಡು ಅಂದ್ಲು."

ಪುಟ್ಟ ಮಗು ಆಗಲೇ ಬುಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿತ್ತು. ಶೃತಿ ಮಗುವಿನ ಮುಖ ನೋಡಿ ಸೋತು, "ಚೆನ್ನಾಗಿ ನೋಡ್ಕೋತೀವಿ ಅಂತ ಹೇಳಿ ಅವಳಿಗೆ," ಎಂದಳು. ಹುಷಾರು ಎಂಬ ಒಂದು ಮಾತು ಚಾಮುಂಡಿಯ ಗಂಟಲಿಗೆ ಬಂದಿತ್ತು. ಅದನ್ನು ಹೇಳಿದರೆ ಏಕೆಂದು ಹೇಳಬೇಕು. ಹೇಳಿದರೆ ಆ ಹೆಂಗಸು ಬುಟ್ಟಿ ಮುಟ್ಟುವುದಿಲ್ಲ. ಬಸ್ಸಿನ ತುಂಬ ಜನರಿದ್ದಾರೆ, ಹತ್ತಿ ನೋಡುತ್ತಾನೆ, ಬೇರೆ ಯಾರೋ ಎಂದು ಇಳಿಯುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಗಣೇಶ ಮೊದಲು ಕೈ ಮಾಡಿ ಆಮೇಲೆ ನೋಡುವವನು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದೂ ಇಳಿದಳು.

ಪ್ರಿಯಾಂಕ ತುಂಬಿದ ಬಾಟಲಿ ಹಿಡಿದು ಬರುವ ಹೊತ್ತಿಗೆ ಬಸ್ಸು ಗೇಟು ದಾಟುತ್ತಿತ್ತು. ಹಿಂದಿನ ಕಿಟಕಿಯಲ್ಲಿ ಪುಟ್ಟ ಮಗು ಕೈ ಬೀಸಿತು. ಪ್ರಿಯಾಂಕ ಬುಟ್ಟಿಯಿದ್ದ ಜಾಗ ನೋಡಿದಳು, ಬಸ್ಸು ನೋಡಿದಳು, ತಾಯಿಯನ್ನು ನೋಡಿದಳು. ಅವಳು ಚೀರಬಹುದೆಂದು ಚಾಮುಂಡಿ ಬಾಯಿ ಮುಚ್ಚಲು ಅಂಗೈ ಸಿದ್ಧಮಾಡಿಕೊಂಡಿದ್ದಳು. ಚೀರಲಿಲ್ಲ. ಅಪ್ಪನ ಮುಂದೆ ಬಾಯಿ ಮುಚ್ಚಿಕೊಂಡು ಅಭ್ಯಾಸವಾಗಿದ್ದ ಮಗು ತಾಯಿಯ ಮುಂದೆಯೂ ಹಾಗೇ ಬಾಯಿ ಮುಚ್ಚಿಕೊಂಡಿತು.

ರಾಜಣ್ಣನ ಕಣ್ಣಿಗೆ ಬೀಳದಂತೆ ನಿಂತ ಬಸ್ಸುಗಳ ಮರೆಯಲ್ಲಿ ನಡೆದು ಹತ್ತಿದ ಚಾಮರಾಜನಗರದ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ತೆರಕಣಾಂಬಿ ದಾಟಿತು. ಉಡಿಗಾಲದ ಹತ್ತಿರ ಬಂದಾಗ ಚಾಮುಂಡಿ ತಲೆತುಂಬ ಸೆರಗು ಎಳೆದುಕೊಂಡು ಮುಖ ಬಗ್ಗಿಸಿದಳು. ಅಪ್ಪನ ಊರಿನವರು ಇಬ್ಬರು ಹತ್ತಿದರು, ಗುರುತು ಹಿಡಿಯಲಿಲ್ಲ. ಚಾಮರಾಜನಗರದಲ್ಲಿ ಸತ್ಯಮಂಗಲದ ಕಡೆಯ ಬಸ್ಸಿಗೆ ಕಾಯುವಾಗ ಮಗಳಿಗೆ ಇಡ್ಲಿ ಕೊಡಿಸಿದಳು. ಮಗಳು ತಿಂದಳು. ಬಾಯಾರಿದರೂ ಬಾಟಲಿಯ ನೀರನ್ನು ಕುಡಿಯಲಿಲ್ಲ, ಕುಡಿಯಲು ತಾಯಿಗೂ ಕೊಡಲಿಲ್ಲ.

ಪುಣಜನೂರಿನಲ್ಲಿ ಸುಂದ್ರಮ್ಮ ಅವರನ್ನು ಕಂಡು ಒಳಗೆ ಕರೆದು ಮುದ್ದೆ ಬಡಿಸಿದಳು.

ಸುದ್ದಿ ಬಂದದ್ದು ಮರುದಿನ. ನಾಗಯ್ಯ ಸುಂದ್ರಮ್ಮನಿಗೆ ಫೋನ್ ಮಾಡಿದ್ದ. ಮಗಳು ಅಲ್ಲಿದ್ದಾಳೆಂದು ಗೊತ್ತಿಲ್ಲದೆಯೇ ಮಾಡಿದ್ದ, ನೆಂಟರಿಗೆಲ್ಲ ಮಾಡುತ್ತಿದ್ದನಂತೆ. ಸುಂದ್ರಮ್ಮ ಫೋನಿನ ಸ್ಪೀಕರು ಹಾಕಿದಳು.

"ಏನೇಳನ ಸುಂದ್ರವ್ವ. ಅಳಿಯ ಬೇಗೂರತ್ರ ಬಸ್ಸಿಗೆ ಲಾರಿ ಅಡ್ಡ ಆಕವ್ನೆ. ಒಳಕ್ಕೆ ನುಗ್ಗಿ, ಮೊಲದ ಬುಟ್ಟಿ ಕಂಡವ್ನೆ, ಪಕ್ಕ್‌ದಲ್ಲಿ ಮುಸುಕಾಕಂಡು ನಿದ್ದೆ ಮಾಡ್ತಿದ್ದ ಎಂಗ್ಸಿನ ಜುಟ್ಟಿಗೇ ಕೈ ಆಕಿ ಮೆಟ್ಲ್‌ಗಂಟ ಎಳ್ದವ್ನೆ. ಮುಖ ನೋಡಿದ್ದು ಅವಳು ಕೆಳಕ್ಕೆ ಬಿದ್ಮೇಲೆ. ಯಾರೋ ಮೈಸೂರೋಳು. ಕೈ ಮುರ್ದೋಗದಂತೆ, ದವಡೆ ಒಡ್ದದಂತೆ, ಗುಂಡ್ಲುಪೇಟೆ ಆಸ್ಪತ್ರೇಲಿ ಅವ್ಳಂತೆ. ಜನ ಅವ್ನ್ನ ಇಡ್ದು ಬಡ್ದು ಪೊಲೀಸ್ರಿಗೆ ಕೊಟ್ಟವ್ರೆ. ನಮ್ಮುಡ್ಗಿ ಎಲ್ಲೋದ್ಲೋ, ಅವಳಿಂದ ನೋಡು ಎಷ್ಟೆಲ್ಲ ಆಯ್ತು."

ಸುಂದ್ರಮ್ಮ ಫೋನಿಟ್ಟು ಚಾಮುಂಡಿಯ ಮುಖ ನೋಡಿದಳು. ಚಾಮುಂಡಿ ಗೋಡೆಗೆ ಒರಗಿ ಕೂತಿದ್ದಳು. ಎದ್ದು ನಿಂತು, "ಚಿಕ್ಕವ್ವ, ನಾ ಗುಂಡ್ಲುಪೇಟೆಗೆ ಓಗ್ಬೇಕು," ಎಂದಳು.

"ಉಚ್ಚು ಇಡೀತಾ ನಿಂಗೆ? ಓದ್ರೆ ನೀ ಇರೋ ಜಾಗ ಎಲ್ರಿಗೂ ಗೊತ್ತಾಗೋಯ್ತದೆ. ಅವ್ನು ಇವತ್ತಲ್ಲ ನಾಳೆ ಆಚಿಗ್ ಬತ್ತಾನೆ."

"ಗೊತ್ತು."

"ಮತ್ತೆ?"

"ಅವ್ಳು ನಮ್ ಮೊಲಕ್ಕೆ ತಾನ್ ಕುಡಿಯೋ ನೀರ್ ಕೊಟ್ಟಿದ್ಲು ಚಿಕ್ಕವ್ವ."

ಮಗಳನ್ನು ಬಿಟ್ಟು ಅವಳೊಬ್ಬಳೇ ಹೋದಳು. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಶೃತಿ ಗೋಡೆಯ ಪಕ್ಕದ ಮಂಚದಲ್ಲಿ ಮಲಗಿದ್ದಳು. ಒಂದು ಕೈಗೆ ಪಟ್ಟಿ, ಕೆನ್ನೆಯಿಂದ ಗದ್ದದವರೆಗೆ ಹೊಲಿಗೆ. ಮಗುವನ್ನು ಅಜ್ಜಿ ಹೊರಗೆ ಎತ್ತಿಕೊಂಡು ಓಡಾಡುತ್ತಿದ್ದಳು. ಅದು ಯಾರು ಬಂದರೂ ಅಜ್ಜಿಯ ಹೆಗಲೊಳಗೆ ಮುಖ ಹುದುಗಿಸುತ್ತಿತ್ತು. ಚಾಮುಂಡಿ ಮಂಚದ ಕಾಲ ಬಳಿ ನಿಂತಳು. ಶೃತಿ ಗುರುತು ಹಿಡಿಯಲು ಹೊತ್ತಾಗಲಿಲ್ಲ.

"ಅವನು ನಿಮ್ಮ ಗಂಡನಾ?" ಹೊಲಿಗೆಯಿಂದಾಗಿ ಮಾತು ಒಂದೊಂದಾಗಿ ಬಂತು.

"ಊಂ."

"ಬರ್ತಾನೆ ಅಂತ ಗೊತ್ತಿತ್ತಾ ನಿಮಗೆ?"

ಇಲ್ಲ ಎನ್ನಬಹುದಿತ್ತು. ಬಸ್ಸಿನಲ್ಲಿ ಬರುವಾಗ ಹಾಗೆನ್ನುವುದನ್ನು ಹಲವು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದಳು.

"ಗೊತ್ತಿತ್ತು."

"ಒಂದು ಮಾತು ಹೇಳಬಹುದಿತ್ತಲ್ಲ."

"ಏಳಿದ್ರೆ ನೀವು ಬುಟ್ಟಿ ತಗತಿರ್ಲಿಲ್ಲ."

ಶೃತಿ ಅವಳನ್ನೇ ನೋಡಿದಳು. ಅವಳ ಕಣ್ಣು ಬೆರಳುಗಳ ಮೇಲೆ ಇಳಿದು ಮತ್ತೆ ಮುಖಕ್ಕೆ ಬಂತು. "ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ನನಗೆ ಈಗ ಶಕ್ತಿಯಿಲ್ಲ. ಹೋಗಿ," ಎಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಚಾಮುಂಡಿ ತಪ್ಪಾಯಿತು ಎಂದಳು.

ಅಲ್ಲಿಂದ ಸ್ಟೇಷನ್ನಿಗೆ ಹೋದಳು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನೆಲ್ಲ ಹೇಳಿದಳು. ಅಪ್ಪ ಎರಡು ಸಲ ಕರೆದುಕೊಂಡು ಹೋಗಿ ಬಿಟ್ಟಿದ್ದನ್ನು, ಬೆರಳನ್ನು, ಮಗಳ ತಟ್ಟೆಗೆ ಬಡಿಸಿದ್ದನ್ನು. ರಾಜಣ್ಣನಿಗೆ ಸುಳ್ಳು ಹೇಳಿ ಗಂಡನನ್ನು ಆ ಬಸ್ಸಿನ ಕಡೆ ತಿರುಗಿಸಿದ್ದು ತಾನೇ ಎಂಬುದನ್ನೂ ಬಿಡಲಿಲ್ಲ. ಮಹಿಳಾ ಪೊಲೀಸೊಬ್ಬಳು ಬರೆದುಕೊಂಡು ಈಗಿರುವ ವಿಳಾಸ ಕೇಳಿದಳು. ಚಾಮುಂಡಿ ಪುಣಜನೂರು ಎಂದಳು. ಎದ್ದು ಹೊರಡುವಾಗ ಮೊಲಗಳ ಬಗ್ಗೆ ಕೇಳಿದಳು. ಗಲಾಟೆಯಲ್ಲಿ ಬುಟ್ಟಿ ಜನರ ಕಾಲಿಗೆ ಸಿಕ್ಕಿತಂತೆ. ಬಿಳಿಯದು ಅಲ್ಲೇ ಸತ್ತಿತು. ಇನ್ನೊಂದು ರಸ್ತೆಗೆ ಹಾರಿತು, ಆಮೇಲೆ ಯಾರೂ ನೋಡಲಿಲ್ಲ.

ಅವಳು ಮನೆ ಮುಟ್ಟಿದಾಗ ಸುಂದ್ರಮ್ಮನ ಜಗಲಿಯಲ್ಲಿ ಪ್ರಿಯಾಂಕ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಗುಂಡ್ಲುಪೇಟೆ ಬಿಟ್ಟ ಮೇಲೆ ತಾಯಿಯ ಜೊತೆ ಒಂದು ಮಾತೂ ಆಡಿರಲಿಲ್ಲ. ಚಾಮುಂಡಿ ಪಕ್ಕದಲ್ಲಿ ಕೂತು, ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಮೊಲಗಳದ್ದನ್ನೂ ಹೇಳಿದಳು. ಮಗಳ ಕೈ ನಿಲ್ಲಲಿಲ್ಲ. ಹಣ್ಣು ಒಂದು ಕಡೆ, ಬೀಜ ಒಂದು ಕಡೆ ಬೀಳುತ್ತಲೇ ಇತ್ತು.

"ಆ ಪಾಪು?" ಎಂದಳು ಕೊನೆಗೆ.

"ಅದ್ಕೇನೂ ಆಗಿಲ್ಲ. ಸೀಟಿನ ಕೆಳ್ಗಡೆ ಸೇರ್ಕಂಡಿತ್ತಂತೆ."

"ನಾನೂ ಅಂಗೇ ಮಂಚದ ಕೆಳ್ಗಡೆ ಸೇರ್ಕತಿದ್ದೆ," ಎಂದಳು ಪ್ರಿಯಾಂಕ. ಇನ್ನೊಂದು ಹಣ್ಣು ಕೈಗೆತ್ತಿಕೊಂಡಳು.

ಮಳೆಗಾಲ ಹಿಡಿಯುವ ಮೊದಲೇ ಗಣೇಶನಿಗೆ ಜಾಮೀನು ಸಿಕ್ಕಿತು. ಶೃತಿ ಕೇಸು ವಾಪಸ್ಸು ತೆಗೆದುಕೊಳ್ಳಲಿಲ್ಲ ಎಂದು ಮಹಿಳಾ ಪೊಲೀಸು ಫೋನಿನಲ್ಲಿ ತಿಳಿಸಿದಳು. ಕೋರ್ಟಿಗೆ ಕರೆದಾಗ ಬಂದು ಹೇಳುತ್ತೀಯಾ ಎಂದು ಕೇಳಿದಳು. ಚಾಮುಂಡಿ ಬರುತ್ತೇನೆ ಎಂದಳು. ಪ್ರಿಯಾಂಕಳನ್ನು ಊರಿನ ಸ್ಕೂಲಿಗೆ ಸೇರಿಸಿದ್ದಾಯಿತು. ಹೋಗಿ ಬರುವಾಗ ಸುಂದ್ರಮ್ಮ ಜೊತೆಗಿರುತ್ತಾಳೆ.

ಚಾಮುಂಡಿಗೆ ರಸ್ತೆ ಪಕ್ಕದ ಹೊಲದಲ್ಲಿ ಕಳೆ ಕೀಳುವ ಕೂಲಿ ಸಿಕ್ಕಿದೆ. ಸತ್ಯಮಂಗಲದ ರಸ್ತೆಯಲ್ಲಿ ಹಗಲಿಡೀ ಲಾರಿಗಳು ಓಡಾಡುತ್ತವೆ. ಜೊತೆಯ ಹೆಂಗಸರು ಮಾತಾಡಿಕೊಂಡು ಸಾಲು ಹಿಡಿದು ಮುಂದೆ ಹೋಗುತ್ತಾರೆ. ಖಾಲಿ ಲಾರಿಯೊಂದು ಊರ ಹತ್ತಿರ ವೇಗ ಕಡಿಮೆ ಮಾಡಿದ ಸದ್ದು ಕೇಳಿದರೆ ಚಾಮುಂಡಿ ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಾಳೆ, ಡ್ರೈವರನ ಮುಖ ಕಾಣುವವರೆಗೆ ನೋಡುತ್ತಾಳೆ. ಲಾರಿ ಕಾಡಿನ ತಿರುವು ದಾಟಿದ ಮೇಲೆ ಬಗ್ಗಿ ಮತ್ತೆ ಕಳೆಗೆ ಕೈ ಹಾಕುತ್ತಾಳೆ.